ವಯಸ್ಸಿಗೆ ಹಾಕುವ ಹಾರ



ಕಳೆದ ಭಾನುವಾರ ಬೆಳಗಿನ ಕಾಫಿಯ ವೇಳೆಗೆ ತೆರಕಣಾಂಬಿಯ ನಮ್ಮ ಮನೆಯ ಜಗಲಿಗೆ ಮೂವರು ಬಂದು ಕುಳಿತರು. ಮೂವರೂ ನನ್ನ ಹಳೆಯ ವಿದ್ಯಾರ್ಥಿಗಳೇ. ಒಬ್ಬರು ಬ್ಯಾಂಕಿನ ನೌಕರಿಯಿಂದ ನಿವೃತ್ತರಾದವರು, ಇನ್ನೊಬ್ಬರು ಬೆಂಗಳೂರಿನಲ್ಲಿ ಸ್ವಂತ ವ್ಯವಹಾರ ನಡೆಸುವವರು, ಮೂರನೆಯವರು ಊರಿನಲ್ಲಿಯೇ ಅರಿಸಿನ, ಈರುಳ್ಳಿ ಬೆಳೆದುಕೊಂಡು ಗಟ್ಟಿಯಾಗಿ ನಿಂತವರು. ಬೆಂಗಳೂರಿನವರ ಕೈಯಲ್ಲಿ ಒಂದು ಆಹ್ವಾನ ಪತ್ರಿಕೆಯ ಕರಡು ಇತ್ತು. ನೆತ್ತಿಯ ಮೇಲೆ ನನ್ನ ಹೆಸರು, ಅದರ ಕೆಳಗೆ ‘ಸಹಸ್ರ ಚಂದ್ರ ದರ್ಶನ ಮಹೋತ್ಸವ’ ಎಂಬ ದಪ್ಪಕ್ಷರ. ವರದರಾಜಸ್ವಾಮಿ ದೇವಸ್ಥಾನದ ಮುಂದಿನಿಂದ ಸಾರೋಟಿನಲ್ಲಿ ಮೆರವಣಿಗೆ, ಕಲ್ಯಾಣ ಮಂಟಪದಲ್ಲಿ ಸಭೆ, ಮೈಸೂರು ಪೇಟ, ಶಾಲು, ಅಭಿನಂದನ ಗ್ರಂಥದ ಬಿಡುಗಡೆ, ಮೂವರು ಜನಪ್ರತಿನಿಧಿಗಳು, ಊಟಕ್ಕೆ ಎರಡು ಬಗೆಯ ಸಿಹಿ. ಖರ್ಚಿನ ಅಂದಾಜು ನಾಲ್ಕು ಲಕ್ಷ ರೂಪಾಯಿ.

ನಾನು ಬೇಡವೆಂದೆ. ಸಂಕೋಚವೆಂದುಕೊಂಡರು. ಮತ್ತೊಮ್ಮೆ ಬೇಡವೆಂದೆ. ಮೂವರ ಮುಖವೂ ಸಣ್ಣದಾಯಿತು. ಊರಿನವರು ಮಾತ್ರ ಸುಮ್ಮನಿರಲಿಲ್ಲ. “ಏನ್ ಸಾ, ದೊಡ್ಡವ್ರಿಗ ನೂರು ತುಂಬುದ್ರ ಮಂತ್ರಿಗಳೇ ಬಂದು ಹಾರ ಹಾಕ್ತರ. ನಮ್ ಮೇಷ್ಟ್ರಿಗ ಎಂಬತ್ತು ತುಂಬುದ್ರ ನಾವು ಹಾಕ್ಬಾರ್ದ?” ಎಂದರು.

ಅವರ ಪ್ರೀತಿಯನ್ನು ನಾನು ಅರಿಯದವನಲ್ಲ. ಆದರೆ ಅಂದು ಅವರಿಗೆ ಕಾಫಿ ಕೊಟ್ಟು ಕಳುಹಿಸಿದೆನೇ ಹೊರತು ಸರಿಯಾದ ಉತ್ತರವನ್ನು ಕೊಡಲಿಲ್ಲ. ಆ ಉತ್ತರವನ್ನು ಈಗ ಬರೆಯುತ್ತಿದ್ದೇನೆ. ಮಾತು ಕಟುವೆನಿಸಿದರೆ ಕ್ಷಮಿಸುವುದು ಬೇಡ. ಓದಿ ಜಗಳಕ್ಕೆ ಬನ್ನಿ.

ಮೊದಲು ಆ ಎಂಬತ್ತರ ವಿಷಯ. ಒಂದು ಹುಣ್ಣಿಮೆಯಿಂದ ಮತ್ತೊಂದು ಹುಣ್ಣಿಮೆಗೆ ಇಪ್ಪತ್ತೊಂಬತ್ತೂವರೆ ದಿನ. ಸಾವಿರ ಹುಣ್ಣಿಮೆಗೆ ಇಪ್ಪತ್ತೊಂಬತ್ತು ಸಾವಿರದ ಐನೂರು ದಿನಗಳಾದವು. ಭಾಗಿಸಿ ನೋಡಿದರೆ ಎಂಬತ್ತು ವರ್ಷದ ಮೇಲೆ ಸುಮಾರು ಒಂಬತ್ತು-ಹತ್ತು ತಿಂಗಳು. ಶಾಸ್ತ್ರದವರು ಎಂಟು ತಿಂಗಳು ಎನ್ನುತ್ತಾರೆ. ಅವರೊಡನೆ ನನಗೆ ತಕರಾರಿಲ್ಲ. ಆದರೆ ಎಲ್ಲಿಂದ ಎಣಿಸುವುದು? ದಾಖಲೆಯ ಪ್ರಕಾರ ನಾನು ಹುಟ್ಟಿದ್ದು 1945ರ ಜೂನ್ 1. ನನ್ನ ತಾಯಿ ಹೇಳುತ್ತಿದ್ದುದು ಬೇರೆ: “ನೀ ಹುಟ್ದಾಗ ಹೊಲ್ದಲ್ಲಿ ಹುಚ್ಚೆಳ್ಳು ಹೂ ಬುಟ್ಟಿತ್ತು.” ನಮ್ಮ ಸೀಮೆಯಲ್ಲಿ ಹುಚ್ಚೆಳ್ಳು ಜೂನ್ ತಿಂಗಳಲ್ಲಿ ಹೂ ಬಿಡುವುದಿಲ್ಲವೆಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಅಂದರೆ ನನ್ನ ಜನ್ಮದಿನವನ್ನು ನಿರ್ಧರಿಸಿದವರು ಬ್ರಹ್ಮನೂ ಅಲ್ಲ, ನನ್ನ ತಾಯಿಯೂ ಅಲ್ಲ. ನನ್ನನ್ನು ಶಾಲೆಗೆ ಸೇರಿಸಿಕೊಂಡ ಮೇಷ್ಟರು.

ಈ ಪಾಪವನ್ನು ಮುಂದೆ ನಾನೂ ಧಾರಾಳವಾಗಿ ಮಾಡಿದ್ದೇನೆ. ಶಾಲೆ ಆರಂಭವಾಗುವ ದಿನ ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತಿದ್ದೆವು. ಬಲಗೈಯನ್ನು ನೆತ್ತಿಯ ಮೇಲಿನಿಂದ ಹಾಯಿಸಿ ಎಡಗಿವಿಯನ್ನು ಮುಟ್ಟಿದವನಿಗೆ ಆರು ತುಂಬಿತು, ಮುಟ್ಟದವನು ಬರುವ ವರ್ಷ ಬರಲಿ. ತಂದೆ ತಾಯಿಗೆ ತಾರೀಖು ಗೊತ್ತಿಲ್ಲ, ಗೊತ್ತಿರಬೇಕಾದ ಅಗತ್ಯವೂ ಅವರಿಗಿರಲಿಲ್ಲ. ಆರು ವರ್ಷ ಹಿಂದಕ್ಕೆ ಎಣಿಸಿ ‘ಜೂನ್ 1’ ಎಂದು ಬರೆದು ಮುಂದಿನ ಮಗುವನ್ನು ಕರೆಯುತ್ತಿದ್ದೆ. ಇದನ್ನು ಓದುತ್ತಿರುವ ನಿಮ್ಮಲ್ಲಿ ಎಷ್ಟು ಮಂದಿ ಮೇ 31ರಂದು ನಿವೃತ್ತರಾದಿರಿ, ಲೆಕ್ಕ ಹಾಕಿಕೊಳ್ಳಿ. ನಿಮ್ಮ ಮೊಮ್ಮಕ್ಕಳು ಆ ದಿನ ಕೇಕು ಕತ್ತರಿಸಿದರೆ ಆ ಕೇಕಿನ ನಿಜವಾದ ಕರ್ತೃ ನಾನು.

ದೊಡ್ಡವರ ಕತೆಯೂ ಬಹಳ ಭಿನ್ನವಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ್ದು 1860ರಲ್ಲಿ ಎನ್ನುವವರಿದ್ದಾರೆ, 1861ರಲ್ಲಿ ಎನ್ನುವವರಿದ್ದಾರೆ. ದೇಶ ಅವರ ಶತಮಾನೋತ್ಸವವನ್ನು ಆಚರಿಸಿದ್ದು 1960ರ ಸೆಪ್ಟೆಂಬರ್ 15ರಂದು. ಪ್ರಧಾನಿ ನೆಹರೂ ಬೆಂಗಳೂರಿಗೆ ಬಂದರು. ಬದುಕಿರುವವರ ಚಿತ್ರವನ್ನು ಅಂಚೆ ಚೀಟಿಯಲ್ಲಿ ಅಚ್ಚು ಹಾಕುವ ವಾಡಿಕೆ ಇರದಿದ್ದ ಆ ಕಾಲದಲ್ಲಿ ಅವರ ಚಿತ್ರದ ಅಂಚೆ ಚೀಟಿ ಹೊರಬಂದಿತು. ಅದಕ್ಕೆ ಎರಡು ವರ್ಷ ಹಿಂದೆ ಮಹಾರಾಷ್ಟ್ರದ ಧೋಂಡೊ ಕೇಶವ ಕರ್ವೆಯವರಿಗೆ ನೂರು ತುಂಬಿದಾಗ ಹಾಗೆ ಮಾಡಿದ್ದರು. ನಾನಾಗ ಹದಿನೈದರ ಹುಡುಗ. ನಮ್ಮ ಮೇಷ್ಟರು ತರಗತಿಯಲ್ಲಿ ಪತ್ರಿಕೆಯನ್ನು ಓದಿ ಹೇಳಿದ್ದು ಚೆನ್ನಾಗಿ ನೆನಪಿದೆ. ‘ನೂರು ವರ್ಷ! ಇನ್ನೂ ನೆಟ್ಟಗೆ ಕೂರುತ್ತಾರಂತೆ, ಸೂಟು ಹಾಕುತ್ತಾರಂತೆ!’ ಎಂದು ನಾವು ಬೆರಗಾದೆವು. ಕನ್ನಂಬಾಡಿಯ ಕಟ್ಟೆಯ ಬಗ್ಗೆ ಅಂದು ಮೇಷ್ಟರು ಏನಾದರೂ ಹೇಳಿದರೋ ಇಲ್ಲವೋ ನೆನಪಿಲ್ಲ, ಸೂಟು ನೆನಪಿದೆ. ನನ್ನ ವ್ಯಾಜ್ಯವೆಲ್ಲ ಇರುವುದು ಇಲ್ಲಿಯೇ.

ಗಣ್ಯರೊಬ್ಬರಿಗೆ ತೊಂಬತ್ತೋ ನೂರೋ ತುಂಬಿದಾಗ ನಾವು ಮಾಡುವ ಸಂಭ್ರಮ ಅವರ ಕೆಲಸವನ್ನು ನೆನೆಯುವುದಕ್ಕಲ್ಲ, ಮರೆಯುವುದಕ್ಕೆ. ಮಾತು ಅತಿಯಾಯಿತು ಎನ್ನುತ್ತೀರಾ? ಹಾಗಾದರೆ ನಮ್ಮ ಬಿರುದುಗಳನ್ನೇ ನೋಡಿ. ಶಿವರಾಮ ಕಾರಂತರು ‘ನಡೆದಾಡುವ ವಿಶ್ವಕೋಶ’. ಜಿ. ವೆಂಕಟಸುಬ್ಬಯ್ಯನವರು ‘ನಡೆದಾಡುವ ನಿಘಂಟು’. ನಡೆದಾಡುವುದೇ ನಮಗೆ ಮುಖ್ಯ. ವಿಶ್ವಕೋಶವನ್ನಾಗಲಿ ನಿಘಂಟನ್ನಾಗಲಿ ತೆರೆದು ನೋಡುವ ತೊಂದರೆಯನ್ನು ನಾವು ತೆಗೆದುಕೊಳ್ಳುವವರಲ್ಲ.

ವೆಂಕಟಸುಬ್ಬಯ್ಯನವರು ಹುಟ್ಟಿದ್ದು 1913ರಲ್ಲಿ. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ-ಕನ್ನಡ ನಿಘಂಟಿನ ಎಂಟು ಸಂಪುಟಗಳ ಹಿಂದೆ ಅವರ ದುಡಿಮೆ ಇದೆ. ಒಂಬತ್ತು ಸಾವಿರಕ್ಕೂ ಹೆಚ್ಚು ಪುಟಗಳು. ಆಮೇಲೆ ‘ಪ್ರಜಾವಾಣಿ’ಯ ‘ಇಗೋ ಕನ್ನಡ’ದಲ್ಲಿ ಯಾರು ಯಾವ ಪದದ ಬಗ್ಗೆ ಕೇಳಿದರೂ ಉತ್ತರ ಬರೆದರು. ಆ ಅಂಕಣವನ್ನು ಕತ್ತರಿಸಿ ನೋಟ್ ಬುಕ್ಕಿಗೆ ಅಂಟಿಸಿಡುತ್ತಿದ್ದುದನ್ನು ನಿಮ್ಮಲ್ಲಿ ಕೆಲವರು ಕಂಡಿದ್ದೀರಿ. ಅಂಟು ಕಲಸುವ ಕೆಲಸ ಕೊನೆಯ ಬೆಂಚಿನವರದಾಗಿತ್ತು. ಅವರಿಗೆ ನೂರು ತುಂಬಿದಾಗ ನಾಡೆಲ್ಲ ಸಂತೋಷಪಟ್ಟಿತು, ನಾನೂ ಪಟ್ಟೆ. ಆದರೆ ನಾನು ಕೆಲಸ ಮಾಡಿದ ಶಾಲೆಗಳ ಪೈಕಿ ಒಂದರಲ್ಲಿ ಆ ಎಂಟು ಸಂಪುಟಗಳೂ ಬೀರುವಿನೊಳಗೆ ಬೀಗ ಹಾಕಿಸಿಕೊಂಡು ಕುಳಿತಿದ್ದವು. ಮಕ್ಕಳು ಮುಟ್ಟಿದರೆ ಹಾಳಾಗುತ್ತವಂತೆ. ಅದೇ ಶಾಲೆಯಲ್ಲಿ ಅವರ ಜನ್ಮದಿನದಂದು ಅವರ ಭಾವಚಿತ್ರಕ್ಕೆ ಹೂವಿನ ಹಾರ ಹಾಕಿ, ಅವರ ದೀರ್ಘಾಯುಷ್ಯದ ಗುಟ್ಟಿನ ಬಗ್ಗೆ ಮುಕ್ಕಾಲು ಗಂಟೆ ಭಾಷಣವಾಯಿತು. ಬೀಗದ ಕೈ ಭಾಷಣಕಾರರ ಜೇಬಿನಲ್ಲಿಯೇ ಇತ್ತು.

ದೀರ್ಘಾಯುಷ್ಯದ ಗುಟ್ಟು! ಸಂದರ್ಶಕರು ಎಲ್ಲರನ್ನೂ ಕೇಳುವ ಒಂದೇ ಪ್ರಶ್ನೆ. ಏನು ತಿನ್ನುತ್ತೀರಿ, ಎಷ್ಟು ಗಂಟೆಗೆ ಏಳುತ್ತೀರಿ, ಕಾಫಿ ಕುಡಿಯುತ್ತೀರಾ? 1900ರಲ್ಲಿ ಹುಟ್ಟಿ 2003ರವರೆಗೆ ಬದುಕಿದ ಎ.ಎನ್. ಮೂರ್ತಿರಾಯರು ತಮ್ಮ ತೊಂಬತ್ತರ ಆಚೆಗೆ ‘ದೇವರು’ ಎಂಬ ಪುಸ್ತಕವನ್ನು ಪ್ರಕಟಿಸಿದರು. ಆ ವಯಸ್ಸಿನಲ್ಲಿ ಊರವರೆಲ್ಲ ದೇವರ ಕಡೆಗೆ ಮುಖ ಮಾಡಿಕೊಂಡು ಕೂರುವಾಗ ದೇವರಿದ್ದಾನೆ ಎಂಬ ನಂಬಿಕೆಯನ್ನೇ ತರ್ಕದ ಒರೆಗಲ್ಲಿಗೆ ಹಚ್ಚಿದ ಪುಸ್ತಕ ಅದು. ಒಪ್ಪುವುದೋ ಬಿಡುವುದೋ ನಿಮಗೆ ಸೇರಿದ್ದು. ನಾನು ಪೂರ್ತಿ ಒಪ್ಪಲಾರೆ. ಆದರೆ ಅಂತಹವರ ಎದುರು ಕುಳಿತಾಗ ಕೇಳಬೇಕಾದ ಪ್ರಶ್ನೆ ಕಾಫಿಯದೇ?

ಕಾರಂತರಿಗೆ ಎಂಬತ್ತೇಳು ವರ್ಷವಾಗಿದ್ದಾಗ ನಡೆದ ಸಂಗತಿಯೊಂದನ್ನು ಕೇಳಿ. ಕೈಗಾದಲ್ಲಿ ಅಣುಸ್ಥಾವರ ಬೇಡವೆಂದು ಅವರು 1989ರಲ್ಲಿ ಲೋಕಸಭೆಯ ಚುನಾವಣೆಗೆ ನಿಂತರು. ಜ್ಞಾನಪೀಠ ಪಡೆದ ಲೇಖಕ, ಆ ವಯಸ್ಸಿನಲ್ಲಿ ಊರೂರು ಅಲೆದು ಮತ ಕೇಳಿದರು. ಸೋತರು. ಸೋಲಿಸಿದ ನಾವೇ ಅವರಿಗೆ ತೊಂಬತ್ತು ತುಂಬಿದಾಗ ಸಭೆಗಳನ್ನು ಮಾಡಿ, ನಾಡಿನ ಸಾಕ್ಷಿಪ್ರಜ್ಞೆ ಎಂದು ಕೊಂಡಾಡಿದೆವು. ಪ್ರಜ್ಞೆಯ ಮಾತನ್ನು ಕೇಳಬೇಕಾಗಿಲ್ಲ, ಶಾಲು ಹೊದಿಸಿದರೆ ಸಾಕು. ಶಾಲಿನ ದೊಡ್ಡ ಉಪಯೋಗವೆಂದರೆ ಅದು ಮಾತನಾಡುವವನ ಹೆಗಲನ್ನು ಮುಚ್ಚುತ್ತದೆ. ಸ್ವಲ್ಪ ಎಳೆದರೆ ಬಾಯಿಯನ್ನೂ ಮುಚ್ಚುತ್ತದೆ.

ಕಾಸರಗೋಡಿನ ಕಯ್ಯಾರ ಕಿಞ್ಞಣ್ಣ ರೈಗಳ ವಿಷಯ ಬಂದಾಗ ನನಗೆ ಮೇಷ್ಟರ ಅಭಿಮಾನ ಸ್ವಲ್ಪ ಹೆಚ್ಚು, ಏಕೆಂದರೆ ಅವರೂ ಶಾಲೆಯಲ್ಲಿ ಪಾಠ ಹೇಳಿದವರು. 2015ರ ಜೂನ್ 8ಕ್ಕೆ ಅವರಿಗೆ ನೂರು ತುಂಬಿತು. ಅಭಿನಂದನೆಗಳ ಸುರಿಮಳೆಯಾಯಿತು. ಆ ವೃದ್ಧರು ಜೀವಮಾನವಿಡೀ ಕೇಳಿಕೊಂಡು ಬಂದದ್ದು ಒಂದೇ: ಕಾಸರಗೋಡು ಕರ್ನಾಟಕಕ್ಕೆ ಸೇರಲಿ ಎಂದು. ಚಂದ್ರಗಿರಿ ನದಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿಯೇ ವರದಿ ಕೊಟ್ಟಿತ್ತು. ವರದಿಗೆ ನಲವತ್ತೆಂಟು ವರ್ಷವಾಗಿದ್ದಾಗ, ಕೇಳಿದವರಿಗೆ ನೂರಾದಾಗ, ಅವರ ಕೊರಳಿಗೆ ನಾವು ಹಾರ ಹಾಕಿದೆವು. ಎರಡು ತಿಂಗಳಿಗೆ, ಆಗಸ್ಟ್ 9ರಂದು, ಅವರು ತೀರಿಕೊಂಡರು. ಮರಳಿ ಹಾರ. ಆ ಎರಡು ವರ್ಷಕ್ಕೆ, 2017ರಲ್ಲಿ, ಕೇರಳದಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸುವ ಕಾನೂನು ಬಂದು ಅಲ್ಲಿಯ ಕನ್ನಡ ಶಾಲೆಗಳ ಮಕ್ಕಳು, ಮೇಷ್ಟರುಗಳು ಬೀದಿಗಿಳಿದರು. ಆಗ ನಮ್ಮ ಕಡೆಯಿಂದ ಅಲ್ಲಿಗೆ ಹೋದವರು ಬೆರಳೆಣಿಕೆಯಷ್ಟು ಜನ. ಹೂವಿನ ಅಂಗಡಿಯವರಿಗೆ ಕೊಟ್ಟಷ್ಟು ಹಣವನ್ನು ಬಸ್ಸಿನವರಿಗೆ ಕೊಟ್ಟಿದ್ದರೂ ಸಾಕಾಗಿತ್ತು.

ಸಾಲುಮರದ ತಿಮ್ಮಕ್ಕನವರು 2025ರ ನವೆಂಬರಿನಲ್ಲಿ ತೀರಿಕೊಂಡಾಗ 114 ವರ್ಷ ಎಂದು ಪತ್ರಿಕೆಗಳು ಬರೆದವು. ಕೂಲಿ ಮಾಡಿ ಬದುಕಿದ ಆ ತಾಯಿಯನ್ನು ಯಾವ ಮೇಷ್ಟರೂ ಕಿವಿ ಮುಟ್ಟಿಸಿ ನೋಡಿರಲಿಲ್ಲ, ಶಾಲೆಗೇ ಹೋಗದವರು. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಿಂದ ಕುದೂರಿನ ರಸ್ತೆಯಲ್ಲಿ ಗಂಡನೊಡನೆ ಆಲದ ಸಸಿಗಳನ್ನು ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದರು. 2019ರ ಮಾರ್ಚಿಯಲ್ಲಿ ದೆಹಲಿಯಲ್ಲಿ ಪದ್ಮಶ್ರೀ ಸ್ವೀಕರಿಸುವಾಗ ರಾಷ್ಟ್ರಪತಿಗಳ ತಲೆಯನ್ನೇ ಮುಟ್ಟಿ ಹರಸಿದರು. ಆ ಚಿತ್ರವನ್ನು ನೀವೆಲ್ಲ ಒಬ್ಬರಿಗೊಬ್ಬರು ಕಳುಹಿಸಿಕೊಂಡಿರಿ, ನನಗೂ ಹನ್ನೊಂದು ಬಾರಿ ಬಂದಿತು. ಅದೇ ವರ್ಷ, ಮೂರು ತಿಂಗಳು ಕಳೆಯುವುದರೊಳಗೆ, ಬಾಗೇಪಲ್ಲಿ-ಹಲಗೂರು ರಸ್ತೆಯನ್ನು ಅಗಲಗೊಳಿಸುವ ಯೋಜನೆಯಿಂದಾಗಿ ಅವರು ನೆಟ್ಟ ಮರಗಳಿಗೇ ಸಂಚಕಾರ ಬಂದಿತು. ನೂರು ದಾಟಿದ ಹೆಂಗಸು ಮುಖ್ಯಮಂತ್ರಿಗಳ ಬಳಿಗೆ ಹೋಗಿ, ನನ್ನ ಮರಗಳನ್ನು ಕಡಿಯಬೇಡಿ ಎಂದು ಬೇಡಿಕೊಳ್ಳಬೇಕಾಯಿತು. ಬೇಡಿದ ಮೇಲೆ ಬೇರೆ ದಾರಿ ಹುಡುಕುವ ಮಾತು ಬಂದಿತು, ಅಷ್ಟರಮಟ್ಟಿಗೆ ಸರಿ. ಆದರೆ ಪದ್ಮಶ್ರೀ ಕೊಟ್ಟ ನಾಡು ಆ ಪದ್ಮಶ್ರೀ ಏತಕ್ಕೆ ಕೊಟ್ಟದ್ದೆಂಬುದನ್ನು ಮೂರು ತಿಂಗಳೂ ನೆನಪಿಟ್ಟುಕೊಳ್ಳಲಾರದೇ?

ಎಚ್.ಎಸ್. ದೊರೆಸ್ವಾಮಿಯವರ ಪ್ರಸಂಗವನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. 1918ರಲ್ಲಿ ಹುಟ್ಟಿದವರು. ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲು ಕಂಡವರು, ತುರ್ತು ಪರಿಸ್ಥಿತಿಯಲ್ಲಿಯೂ ಕಂಡವರು, ಮುಪ್ಪಿನಲ್ಲಿ ಭೂಕಬಳಿಕೆಯ ವಿರುದ್ಧ ಧರಣಿ ಕುಳಿತವರು. ಅವರಿಗೆ ನೂರು ತುಂಬಿದ ವರ್ಷ ಎಲ್ಲ ಪಕ್ಷದವರೂ ಕೈ ಮುಗಿದರು. 2020ರ ಫೆಬ್ರುವರಿಯಲ್ಲಿ, 101ರ ಆ ವೃದ್ಧರು ಸರ್ಕಾರಕ್ಕೆ ಹಿಡಿಸದ ಮಾತನಾಡುತ್ತಿದ್ದಾರೆಂಬ ಕಾರಣಕ್ಕೆ ಶಾಸಕರೊಬ್ಬರು ಅವರನ್ನು ನಕಲಿ ಸ್ವಾತಂತ್ರ್ಯ ಹೋರಾಟಗಾರ ಎಂದರು. ಜೈಲಿಗೆ ಹೋದದ್ದಕ್ಕೆ ದಾಖಲೆ ಎಲ್ಲಿ ಎಂಬ ಮಾತೂ ಎದ್ದಿತು. ದಾಖಲೆ! ನೂರನೆಯ ಹುಟ್ಟುಹಬ್ಬಕ್ಕೆ ಯಾರೂ ಕೇಳದ ದಾಖಲೆಯನ್ನು ಬಾಯಿ ತೆರೆದೊಡನೆ ಕೇಳಿದರು. 2021ರ ಮೇ ತಿಂಗಳಲ್ಲಿ ಅವರು ಹೋದರು. ಶ್ರದ್ಧಾಂಜಲಿಯಲ್ಲಿ ಮತ್ತೆ ‘ಶತಾಯುಷಿ’.

ಎಲ್ಲವೂ ಹೀಗೆಯೇ ಎಂದು ಸಾಧಿಸಿದರೆ ನಾನು ಅಪ್ರಾಮಾಣಿಕನಾದೇನು. 2011ರಲ್ಲಿ ಬೆಂಗಳೂರಿನ ಸಾಹಿತ್ಯ ಸಮ್ಮೇಳನಕ್ಕೆ ತೊಂಬತ್ತೇಳರ ವೆಂಕಟಸುಬ್ಬಯ್ಯನವರನ್ನು ಅಧ್ಯಕ್ಷರನ್ನಾಗಿ ಮಾಡಿದ್ದು ಸರಿಯಾದ ಗೌರವ. ಅಲ್ಲಿ ಅವರು ಕೂರಲು ಬಂದಿರಲಿಲ್ಲ, ಹೇಳಲು ಬಂದಿದ್ದರು. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳ ನೂರನೆಯ ಹುಟ್ಟುಹಬ್ಬ 2007ರಲ್ಲಿ ಎಷ್ಟು ದೊಡ್ಡದಾಗಿ ನಡೆಯಿತೆಂಬುದು ನಿಮಗೆ ಗೊತ್ತು. ಆ ಗದ್ದಲ ನನಗೆ ಹಿಡಿಸಲಿಲ್ಲ. ಆದರೆ ಗದ್ದಲದ ಹಿಂದೆ, ಹಿಂದಿನ ದಿನವೂ ಮರುದಿನವೂ, ಸಾವಿರಾರು ಮಕ್ಕಳಿಗೆ ಅನ್ನ ಬೇಯುತ್ತಿತ್ತು. ಹುಟ್ಟುಹಬ್ಬವಿಲ್ಲದಿದ್ದರೂ ಬೇಯುತ್ತಿತ್ತು. 2019ರಲ್ಲಿ ಅವರು ಹೋದ ಮೇಲೂ ಒಲೆ ಆರಲಿಲ್ಲ. ಇದರ ಎದುರು ನನ್ನ ವಾದ ಸ್ವಲ್ಪ ಮೆತ್ತಗಾಗುತ್ತದೆ, ಒಪ್ಪುತ್ತೇನೆ. ಇನ್ನು ಮಾಸ್ತಿಯವರು ಎಲ್ಲ ಸಮಿತಿಗಳನ್ನೂ ಸೋಲಿಸಿಬಿಟ್ಟರು. 1891ರ ಜೂನ್ 6ರಂದು ಹುಟ್ಟಿದವರು 1986ರ ಜೂನ್ 6ರಂದು, ತೊಂಬತ್ತೈದು ತುಂಬಿದ ದಿನವೇ, ಎದ್ದು ಹೊರಟರು.

ಅಭಿನಂದಿಸುವವರು ಎಂದೂ ಯೋಚಿಸದ ಇನ್ನೊಂದು ಸಂಗತಿ ಇದೆ: ದೇಹ. ಕೆಲವು ವರ್ಷಗಳ ಹಿಂದೆ ನೆರೆಯ ಊರೊಂದರಲ್ಲಿ ಹಿರಿಯರೊಬ್ಬರ ತೊಂಬತ್ತರ ಸಮಾರಂಭಕ್ಕೆ ನಾನು ಹೋಗಿದ್ದೆ. ಹತ್ತೂವರೆಯ ಸಭೆ, ಮುಖ್ಯ ಅತಿಥಿಗಳು ಬಂದದ್ದು ಒಂದು ಗಂಟೆಗೆ. ಅಷ್ಟು ಹೊತ್ತೂ ಆ ಹಿರಿಯರನ್ನು ಸಿಂಹಾಸನದಂತಹ ಕುರ್ಚಿಯ ಮೇಲೆ, ಉರಿಯುವ ದೀಪಗಳ ಕೆಳಗೆ, ಏಲಕ್ಕಿ ಹಾರದೊಳಗೆ ಹುಗಿದು ಕೂರಿಸಿದ್ದರು. ಹನ್ನೆರಡರ ಹೊತ್ತಿಗೆ ಅವರು ಪಕ್ಕದವರ ಕಿವಿಯಲ್ಲಿ ಏನೋ ಹೇಳಿದರು. ‘ಇನ್ನೇನು ಬಂದರು ಸಾರ್, ಐದೇ ನಿಮಿಷ’ ಎಂದು ಅವರ ತೊಡೆಯ ಮೇಲೆ ಕೈಯಿಟ್ಟರು. ಅರ್ಧ ಗಂಟೆಯ ಮೇಲೆ ಮತ್ತೆ ಹೇಳಿದರು. ಮೊದಲನೆಯ ಸಾಲಿನಲ್ಲಿದ್ದ ನನಗೆ ಅರ್ಥವಾಗಿತ್ತು. ಎದ್ದು ಹೋಗಿ ಅವರ ಕೈ ಹಿಡಿದು ಎಬ್ಬಿಸಬೇಕಾಗಿತ್ತು. ಎಬ್ಬಿಸಲಿಲ್ಲ. ಸಭೆಯ ಗಾಂಭೀರ್ಯ ಕೆಡುತ್ತದೆಂದು ಕುಳಿತೇ ಇದ್ದೆ. ಕೊನೆಗೆ ಏನಾಯಿತೆಂದು ಬರೆಯುವುದಿಲ್ಲ. ಶಾಲು ಅಂದು ನಿಜವಾಗಿಯೂ ಉಪಯೋಗಕ್ಕೆ ಬಂದಿತು. ಆ ದಿನದಿಂದ ನನಗೆ ಸನ್ಮಾನದ ಕುರ್ಚಿಯನ್ನು ಕಂಡರೆ ಹೊಟ್ಟೆಯೊಳಗೆ ತಣ್ಣಗಾಗುತ್ತದೆ.

ಈಗ ನಮ್ಮ ಬೀದಿಗೆ ಬರೋಣ. ನಮ್ಮ ಮನೆಯಿಂದ ಆರನೆಯ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಹೆಸರು ಬೇಡ, ಊರಿನವರಿಗೆ ಗೊತ್ತಾಗುತ್ತದೆ. ನನ್ನ ಓರಗೆಯವರು. ಚಿಕ್ಕಂದಿನಲ್ಲಿ ಇಬ್ಬರೂ ಕೂಡಿ ಹುಣಿಸೆಕಾಯಿ ಕದ್ದು ಏಟು ತಿಂದವರು. ನನಗೆ ಎಂಬತ್ತು ಎನ್ನುವುದಾದರೆ ಅವರಿಗೂ ಎಂಬತ್ತು. ಆದರೆ ಅವರ ಆಧಾರ್ ಕಾರ್ಡಿನಲ್ಲಿ ಇರುವ ಜನ್ಮದಿನಾಂಕ 1968ರ ಜನವರಿ 1. ಯಾರು ಬರೆದರೋ, ಯಾವ ಅಂದಾಜಿನ ಮೇಲೆ ಬರೆದರೋ. ನಾನು ಜೂನ್ 1 ಎಂದು ಬರೆದ ಹಾಗೆ ಇವರು ಜನವರಿ 1 ಎಂದು ಬರೆದು ಮುಂದಿನವರನ್ನು ಕರೆದಿರಬೇಕು. ಹೀಗಾಗಿ ಎಂಬತ್ತನಾಲ್ಕರ ಗಂಡನಿಗೆ ಐವತ್ತೆಂಟರ ಹೆಂಡತಿ. ಸಂಧ್ಯಾ ಸುರಕ್ಷಾ ಯೋಜನೆ 2007ರಲ್ಲಿ ಬಂದಿತು, ಅರವತ್ತೈದು ತುಂಬಿದವರಿಗೆ. ಗಂಡನಿಗೆ ಬರುತ್ತದೆ. ಈಕೆಗೆ ಇನ್ನೂ ಏಳು ವರ್ಷ ಕಾಯಬೇಕಂತೆ. ಎರಡೂ ಮೊಣಕಾಲು ಹೋಗಿವೆ, ಕಣ್ಣಿಗೆ ಪೊರೆ. ‘ವಯಸ್ಸಿಗೆ ದಾಖಲೆ ತನ್ನಿ’ ಎಂದು ಮೂರು ಬಾರಿ ಹಿಂದಕ್ಕೆ ಕಳುಹಿಸಿದ್ದಾರೆ. ಯಾವ ಕಚೇರಿ ಎಂದು ಬರೆಯುವುದಿಲ್ಲ. ಅಲ್ಲಿಯ ಗುಮಾಸ್ತರು ಕೆಟ್ಟವರೇನೂ ಅಲ್ಲ, ಕಾರ್ಡನ್ನು ನೋಡುತ್ತಾರೆ, ಮುಖವನ್ನು ನೋಡಲು ಅವರಿಗೆ ಆದೇಶವಿಲ್ಲ.

ಒಂದೇ ಮರದ ಹುಣಿಸೆಕಾಯಿ ತಿಂದ ಇಬ್ಬರಲ್ಲಿ ಒಬ್ಬನಿಗೆ ಬಾಯಿಮಾತಿನ ಎಂಬತ್ತಕ್ಕೆ ನಾಲ್ಕು ಲಕ್ಷದ ಸಾರೋಟು. ಇನ್ನೊಬ್ಬಳಿಗೆ ಮೈಮೇಲೆ ಬರೆದಿರುವ ಎಂಬತ್ತಕ್ಕೆ ತಿಂಗಳಿಗೆ ಸಾವಿರದ ಇನ್ನೂರು ರೂಪಾಯಿಯೂ ಇಲ್ಲ. ನಾನು ಆ ಸಾರೋಟು ಹತ್ತಿ ಆ ಆರನೆಯ ಮನೆಯ ಮುಂದೆ ಹೇಗೆ ಹಾದುಹೋಗಲಿ, ನೀವೇ ಹೇಳಿ. ಆಕೆ ಜಗಲಿಯ ಮೇಲೆ ಕುಳಿತು ಕೈ ಮುಗಿಯುತ್ತಾರೆ, ಅದು ಗೊತ್ತಿದೆ. ಅದನ್ನು ನೋಡಲಾರೆನೆಂದೇ ಬೇಡವೆಂದೆ.

ನೀವು ಮೂವರು ಹೋದ ಮೇಲೆ ನಾನು ಸುಮ್ಮನೆ ಕೂರಲಿಲ್ಲ. ಆಕೆಯ ಹಿರಿಯ ಮಗ ನನ್ನ ತರಗತಿಯಲ್ಲಿಯೇ ಓದಿದವನು. ಶಾಲೆಯಲ್ಲಿ ವಿಚಾರಿಸಿದೆ, ಹಳೆಯ ದಾಖಲಾತಿ ಪುಸ್ತಕವನ್ನು ಧೂಳು ಕೊಡವಿ ತೆಗೆದುಕೊಟ್ಟರು. 1971ರಲ್ಲಿ ಸೇರಿದ್ದಾನೆ, ಜನ್ಮದಿನಾಂಕ 1965ರ ಜೂನ್ 1, ಅಕ್ಷರ ನನ್ನದು. ಅಂದರೆ ಕಾರ್ಡಿನ ಪ್ರಕಾರ ತಾಯಿ ಮಗನಿಗಿಂತ ಎರಡೂವರೆ ವರ್ಷ ಚಿಕ್ಕವಳು. ತಾರೀಖು ನಾನು ಕಟ್ಟಿದ್ದಾದರೂ ಆ ವರ್ಷ ಆ ಹುಡುಗನ ಕೈ ಕಿವಿಗೆ ಮುಟ್ಟಿದ್ದು ಸುಳ್ಳಲ್ಲ. ಆ ಪುಟದ ದೃಢೀಕೃತ ನಕಲನ್ನು ಪಡೆದಿದ್ದೇನೆ. ಸರ್ಕಾರಿ ವೈದ್ಯರಿಂದ ವಯಸ್ಸಿನ ಪ್ರಮಾಣಪತ್ರವೂ ಬೇಕಾಗಬಹುದು, ಕಾರ್ಡಿನ ತಿದ್ದುಪಡಿಗೆ ಬೇರೆ ಕಡೆ ಹೋಗಬೇಕು. ನಮ್ಮ ಬೀದಿಯಲ್ಲಿ ಹೀಗೆಯೇ ವಯಸ್ಸು ತಪ್ಪಿದವರು ಇನ್ನೂ ನಾಲ್ವರಿದ್ದಾರೆಂದು ಈ ಓಡಾಟದಲ್ಲಿ ತಿಳಿಯಿತು. ಅವರಲ್ಲಿ ಇಬ್ಬರ ಮಕ್ಕಳ ಹೆಸರೂ ಅದೇ ಪುಸ್ತಕದಲ್ಲಿದೆ.

ಬರುವ ಸೋಮವಾರ ಆಕೆಯನ್ನು ಕರೆದುಕೊಂಡು ಗುಂಡ್ಲುಪೇಟೆಗೆ ಹೊರಡುತ್ತೇನೆ. ಬಸ್ಸಿನ ಮೆಟ್ಟಿಲು ಆಕೆಗೆ ಹತ್ತಲಾಗುವುದಿಲ್ಲ, ನಿಜ ಹೇಳಬೇಕೆಂದರೆ ನನಗೂ ಕಷ್ಟ. ಅರಿಸಿನದವರೇ, ನಿಮ್ಮ ಓಮ್ನಿ ಖಾಲಿ ಇದ್ದರೆ ಬೆಳಿಗ್ಗೆ ಒಂಬತ್ತಕ್ಕೆ ನಮ್ಮ ಮನೆಯ ಮುಂದೆ ತಂದು ನಿಲ್ಲಿಸಿ. ಬ್ಯಾಂಕಿನವರು ಜೊತೆಗೆ ಬಂದರೆ ಅರ್ಜಿ ತುಂಬುವುದಕ್ಕಾಗುತ್ತದೆ. ಈಗಿನ ನಮೂನೆಗಳ ಸಣ್ಣ ಅಕ್ಷರ ನನಗೆ ಕಾಣುವುದಿಲ್ಲ. ಮಧ್ಯಾಹ್ನದ ಊಟಕ್ಕೆ ಹಿಂದಿರುಗಲಾಗದಿರಬಹುದು, ಬುತ್ತಿ ನಮ್ಮ ಮನೆಯಿಂದಲೇ ಬರುತ್ತದೆ.